ಹಿತ್ತಿಲ ಪಂಚೆ ಮೇಲೆ ಒಂದು ವರ್ಷದ ಪತಂಗಗಳು

ಒಂದು ವರ್ಷ ರಾತ್ರಿ ಹೊತ್ತು ಪತಂಗಗಳ ಹಿಂದೆ ಬಿದ್ದು ನನಗೆ ಗಟ್ಟಿಯಾಗಿ ಅನ್ಸಿದ್ದು ಏನಂದ್ರೆ, ಹುಳದ ಹೆಸರು ಹುಡುಕ್ಬೇಕು ಅಂದ್ರೆ ಮೊದ್ಲು ಸುತ್ತಮುತ್ತಲ ಗಿಡಗಳ ಪರಿಚಯ ಇರ್ಬೇಕು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ರ ಅಡಿಕೆ ತೋಟ, ಮೇಲ್ಗಡೆ ಸೊಪ್ಪಿನ ಬೆಟ್ಟ. ಬೆಳಕಿಗೆ ಬರೋ ಪತಂಗ ಕೂರ್ಲಿ ಅಂತ ಹಿತ್ತಿಲಲ್ಲಿ ಎರಡು ಗಳ ನೆಟ್ಟು ಬಿಳಿ ಪಂಚೆ ಕಟ್ಟಿ, ಮುಂದೆ 160 ವ್ಯಾಟ್‌ನ ಮರ್ಕ್ಯುರಿ ಬಲ್ಬ್ ತೂಗು ಹಾಕ್ತೀನಿ, ಚೋಕ್ ಬೇಡದ್ದು ತಗೊಂಡ್ರೆ ಸಾಮಾನ್ಯ ಹೋಲ್ಡರ್‌ಗೇ ಆಗತ್ತೆ. ಆದ್ರೆ ಕಾದ ಬಲ್ಬಿಗೆ ಮಳೆ ಹನಿ ತಾಗಿದ್ರೆ ಗಾಜು ಒಡೆಯೋ ಅಪಾಯ ಇದೆ, ಅದಕ್ಕೆ ಆರಿದ್ರಾ ಮಳೆ ಶುರುವಾದ ಮೇಲೆ ಕೊಟ್ಟಿಗೆ ಮಾಡಿನ ಕೆಳಗೆ ಯುವಿ (ಅತಿನೇರಳೆ) ಎಲ್ಇಡಿ ಟ್ಯೂಬು, ಪವರ್ ಬ್ಯಾಂಕಲ್ಲೂ ಉರಿಯತ್ತೆ, ಕರೆಂಟ್ ಹೋದ್ರೂ ಚಿಂತೆ ಇಲ್ಲ. ಅಮಾವಾಸ್ಯೆ ಆಚೀಚೆ, ಗಾಳಿ ಇಲ್ದೆ ಸೆಕೆ ಇರೋ ರಾತ್ರಿ ಅಂದ್ರೆ ಪಂಚೆ ತುಂಬತ್ತೆ. ಬೆಳಕು ಹರಿಯೋಕೆ ಮುಂಚೆ ಲೈಟ್ ಆರಿಸಿ ಪಂಚೆ ಮೆಲ್ಲಗೆ ಪೊದೆ ಹತ್ರ ಕೊಡವಲೇಬೇಕು, ಇಲ್ಲಾಂದ್ರೆ ಕಾಜಾಣ, ಮಡಿವಾಳ ಹಕ್ಕಿ ಬಂದು ಒಂದೂ ಬಿಡದೆ ತಿಂದು ಹಾಕ್ತವೆ, ನಾವು ಕರೆದು ಕೂರಿಸಿದ ಜೀವ ಅಲ್ವಾ.

ಫೋಟೋ ವಿಷಯಕ್ಕೆ ಬಂದ್ರೆ, ರೆಕ್ಕೆಗೆ ಸಮಾನಾಂತರವಾಗಿ ಮೇಲಿಂದ ಒಂದು, ಪಕ್ಕದಿಂದ ಒಂದು, ಮೀಸೆ ಕಾಣೋ ಹಾಗೆ ಒಂದು ಬೇಕೇ ಬೇಕು, ಜೊತೆಗೆ ಅಳತೆಗೆ ಗ್ರಾಫ್ ಕಾಗದದ ತುಂಡು. ಫ್ಲ್ಯಾಶ್ ಮುಂದೆ ಬೆಳಕು ಹರಡೋ ಡಿಫ್ಯೂಸರ್ ಇಲ್ದಿದ್ರೆ ರೆಕ್ಕೆ ಬಣ್ಣನೇ ಸುಳ್ಳಾಗತ್ತೆ. ಬಿಳಿ ಬಟ್ಟೆ ಮೇಲೆ ಬಣ್ಣ ಸರಿ ಬರದ ಹುಳನ ಅಡಿಕೆ ಹಾಳೆ ಮೇಲೆ ಹತ್ತಿಸ್ಕೊಂಡು ತೆಗೀತೀನಿ.

ಹಿಂದಿನ ರೆಕ್ಕೆ ಮುಖ್ಯ. ಯೂಡೊಸಿಮಾ ಅಂತ ಹಣ್ಣು ಚುಚ್ಚೋ ಪತಂಗಗಳಿವೆ, ಪೇರಲೆ ಕಿತ್ತಳೆಗೆಲ್ಲ ಸೊಂಡಿಲು ಚುಚ್ಚಿ ರಸ ಹೀರೋವು. ಸುಮ್ನೆ ಕೂತಿದ್ರೆ ಒಣಗಿದ ಎಲೆ, ಒಳಗೆ ಮಾತ್ರ ಕಿತ್ತಳೆ ಬಣ್ಣದ ರೆಕ್ಕೆ, ಆ ರೆಕ್ಕೆ ಮೇಲಿನ ಕಪ್ಪು ಗುರುತು ದುಂಡಗಿದ್ರೆ ಮಟೆರ್ನಾ, ಮೂತ್ರಪಿಂಡದ ಥರ ಬಾಗಿದ್ರೆ ಫಲೋನಿಯಾ. ಹುಲ್ಲುಕಡ್ಡಿಯಲ್ಲಿ ಮೆಲ್ಲಗೆ ತಾಗಿಸಿದ್ರೆ ರೆಕ್ಕೆ ಎತ್ತತ್ತೆ, ಆಗ ಒಂದರ ಹಿಂದೆ ಒಂದು ಫೋಟೋ ತೆಗೆಯೋ ಬರ್ಸ್ಟ್ ಮೋಡ್. ಇದರ ಮರಿ ತಿನ್ನೋದು ಅಮೃತಬಳ್ಳಿ ಎಲೆ, ನಮ್ಮ ಬೇಲಿ ತುಂಬಾ ಅದೇ ಇರೋದು, ಹಗಲಲ್ಲಿ ಅಲ್ಲಿ ಹುಡುಕಿದಾಗ ಮೈಮೇಲೆ ಕಣ್ಣಿನ ಥರ ಚುಕ್ಕೆ ಇರೋ ಕಂಬಳಿಹುಳು ಸಿಕ್ತು ನೋಡಿ, ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ!

ಅಲ್ಲಿಂದ ನನ್ನ ನೋಟ್‌ಬುಕ್ ಗಿಡದ ಹೆಸರಿನ ಪ್ರಕಾರ ಬದಲಾಯ್ತು, ಯಾವ ಗಿಡ ತಿನ್ನೋದು ಯಾವ ಪತಂಗದ ಮರಿ ಅಂತ. ಕಣಗಿಲೆ, ನಂದಿಬಟ್ಟಲಿಗೆ ಹಸಿರು ಡಾಫ್ನಿಸ್ ನೆರೈ. ಅತ್ತಿ ಜಾತಿಗೆ ಅಸೋಟಾ ಕ್ಯಾರಿಕೆ, ಕಂದು ರೆಕ್ಕೆ ನಡುವೆ ಒಂದು ಬಿಳಿ ಚುಕ್ಕೆ. ಮೊದಲ ಮಳೆ ಆದ್ಮೇಲೆ ತೇಗದ ಚಿಗುರನ್ನ ತಿಂದು ಬೋಳು ಮಾಡಿ ಬಿಡೋ ಹಿಬ್ಲಿಯಾ ಪ್ಯೂರಾ. ಮಳೆಗಾಲದಲ್ಲಿ ಗೌರಿ ಹೂವಿನ ಬಳ್ಳಿಗೆ ಪಾಲಿಟೆಲಾ ಗ್ಲೋರಿಯೋಸೆ, ಕಪ್ಪು ಕೆಂಪು ಹಳದಿ ಕೂಡಿದ ಅಷ್ಟು ಚಂದದ ಹುಳ ನಾನು ಬೇರೆ ನೋಡಿಲ್ಲ.

ಎಲ್ಲರೂ ಕೇಳೋದು ಆ ಭಾರೀ ದೊಡ್ಡ ರೆಕ್ಕೆಯ ಅಟ್ಲಾಸ್ ಪತಂಗ ಬಂತಾ ಅಂತ. ಬಂತು, ನಮ್ಮ ಘಟ್ಟದ್ದು ಅಟಾಕಸ್ ಟಪ್ರೊಬಾನಿಸ್, ದೊಡ್ಡದಾದ ಮೇಲೆ ಏನೂ ತಿನ್ನಲ್ಲ, ಬಾಯೇ ಕೆಲಸ ಮಾಡಲ್ಲ, ಕೆಲವೇ ದಿನದ ಬದುಕು. ಆದ್ರೆ ನಾನು ಕೇಳ್ಕೊಳೋದು ಚಿಕ್ಕ ಕಂದು ಹುಳಗಳನ್ನೂ ಬಿಡಬೇಡಿ. ಮೆಕ್ಕೆಜೋಳ ತಿಂದು ಹಾಳು ಮಾಡೋ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಶಿವಮೊಗ್ಗದಲ್ಲೇ, 2018ರ ಮೇನಲ್ಲಿ, ಅದರ ಪತಂಗನೂ ನೋಡೋಕೆ ಅಂಥದೇ ಒಂದು ಕಂದು ಹುಳ.

ಗುರುತಿಸೋಕೆ ಮೊದ್ಲು ಕೂರೋ ಭಂಗಿ ನೋಡಿ ಕುಟುಂಬ ಹಿಡೀತೀನಿ, ರೆಕ್ಕೆ ಚಪ್ಪಟೆಯಾಗಿ ಹರಡಿ ಗೋಡೆಗೆ ಅಂಟಿದ್ರೆ ಹೆಚ್ಚಾಗಿ ಜಿಯೋಮೆಟ್ರಿಡೆ, ಇಂಗ್ಲಿಷ್ ಟಿ ಅಕ್ಷರದ ಥರ ಇದ್ರೆ ಟೆರೋಫೋರಿಡೆ. ಆಮೇಲೆ ಫೋಟೋ ಹಾಕಿದ್ರೆ ಹೆಸರು ಸೂಚಿಸೋ ಐನ್ಯಾಚುರಲಿಸ್ಟ್ ಆ್ಯಪ್, ಮಾತ್ಸ್ ಆಫ್ ಇಂಡಿಯಾ ವೆಬ್‌ಸೈಟು, ಬ್ರಿಟಿಷ್ ಕೀಟತಜ್ಞ ಹಾಂಪ್ಸನ್ ಇಲ್ಲಿನ ಪತಂಗಗಳ ಬಗ್ಗೆ 1892ರಿಂದ 1896ರ ತನಕ ಬರೆದ ನಾಲ್ಕು ಸಂಪುಟ. ಆ್ಯಪ್ ಹೇಳಿದ ಹೆಸರನ್ನ ಹಾಗೇ ಒಪ್ಕೊಳಲ್ಲ, ಅದು ತಿನ್ನೋ ಗಿಡ ನಮ್ಮಲ್ಲಿದೆಯಾ ಅಂತ ನೋಡ್ತೀನಿ. ಎಷ್ಟೋ ಜಾತಿನ ಜನನಾಂಗ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡ್ದೆ ಹೇಳಕ್ಕೇ ಆಗಲ್ಲ, ಅಂಥವನ್ನ ಕುಲದ (ಜೀನಸ್) ಹೆಸರಿಗೇ ನಿಲ್ಲಿಸ್ತೀನಿ. ಈಗ ಹಲಸಿನ ಕುಡಿ ಒಳಗೆ ಸಿಕ್ಕಿದ ಒಂದು ಹುಳ ಡಬ್ಬಿಯಲ್ಲಿ ಕೋಶ ಕಟ್ಟಿದೆ, ಗ್ಲೈಫೋಡಿಸ್ ಕುಲದ್ದು ಇರಬಹುದು, ಹೊರಗೆ ಬಂದ್ಮೇಲೆ ರೆಕ್ಕೆ ನೋಡಿ ಬರ್ಕೊಳ್ಳೋದು.