ಡಿಜಿಟಲ್ ರೇಡಿಯೋ: ಸೆಟ್ಟನ್ನು ಯಾವ ದಿಕ್ಕಿಗೆ ಇಡಬೇಕು?

ಹಳೆಯ ಸೆಟ್ಟಿನಲ್ಲಿ ಸಂಕೇತ ಕುಗ್ಗಿದಂತೆ ಕರಕರ ಸದ್ದು ಏರುತ್ತದೆ, ಆದರೂ ಮಾತು ಕೇಳುತ್ತಿರುತ್ತದೆ. ಡಿಜಿಟಲ್ ಸೆಟ್ಟು ಹಾಗಲ್ಲ. ಒಂದು ಮಿತಿಯವರೆಗೆ ಸ್ವಚ್ಛವಾಗಿ ನುಡಿದು, ಅದರ ಕೆಳಗೆ ಇಳಿದ ಕ್ಷಣ ಸುಮ್ಮನಾಗಿಬಿಡುತ್ತದೆ. ಹೀಗಾಗಿ ಶಿರಸಿಯ ಜಗಲಿಯಲ್ಲಾಗಲಿ, ಕಾರವಾರದ ಮಹಡಿಯಲ್ಲಾಗಲಿ, ಸೆಟ್ಟು ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಅದನ್ನು ಇಟ್ಟ ಜಾಗವನ್ನು ಪರೀಕ್ಷಿಸಬೇಕು.

ಆಕಾಶವಾಣಿಯು ಮಧ್ಯಮ ತರಂಗಕ್ಕೆ (ಮೀಡಿಯಂ ವೇವ್) ಆಯ್ದುಕೊಂಡಿರುವುದು ಡಿಆರ್‌ಎಂ, ಅಂದರೆ ಡಿಜಿಟಲ್ ರೇಡಿಯೋ ಮೊಂಡಿಯಾಲ್ ಎಂಬ ಮಾನದಂಡವನ್ನು. ಮಧ್ಯಮ ತರಂಗದಲ್ಲಿ ಚಾನೆಲ್‌ಗಳ ನಡುವೆ 9 ಕಿಲೋಹರ್ಟ್ಸ್ ಅಂತರವಷ್ಟೇ ಇರುವುದರಿಂದ, ಹಳೆಯ ಪದ್ಧತಿಯಲ್ಲಿ ಧ್ವನಿಗೆ ಸುಮಾರು 4.5 ಕಿಲೋಹರ್ಟ್ಸ್‌ವರೆಗಿನ ಹರಹು ಮಾತ್ರ ದಕ್ಕಿ, ಯಕ್ಷಗಾನದ ತಾಳದ ಕಿಣಿಕಿಣಿ ಮೊಂಡಾಗುತ್ತದೆ. ಎಫ್‌ಎಂನಲ್ಲಿ ಈ ಹರಹು 15 ಕಿಲೋಹರ್ಟ್ಸ್. ಡಿಆರ್‌ಎಂ ಅಷ್ಟೇ ಕಿರಿದಾದ ಜಾಗದಲ್ಲಿ ಧ್ವನಿಯನ್ನು ಅಂಕಿಗಳಾಗಿ ಅಡಕಮಾಡಿ ಕಳಿಸುತ್ತದೆ. ಫಲಿತಾಂಶ ಎಫ್‌ಎಂ ಅನ್ನು ಮೀರಿಸುತ್ತದೆ ಎಂಬ ಮಾರಾಟಗಾರರ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಹಳೆಯ ಮಧ್ಯಮ ತರಂಗಕ್ಕಿಂತ ಅದು ಎಷ್ಟೋ ಮೇಲು. ಕೊಳ್ಳುವಾಗ ಸೆಟ್ಟು ಎಕ್ಸ್‌ಎಚ್‌ಇ-ಎಎಸಿ ಕೋಡೆಕ್ಕನ್ನು, ಅಂದರೆ ಧ್ವನಿಯನ್ನು ಹೀಗೆ ಅಡಕಮಾಡುವ ಒಂದು ವಿಧಾನವನ್ನು, ಬಿಡಿಸಬಲ್ಲದೇ ಎಂದು ಕೇಳಿ. ಮೊದಮೊದಲು ಬಂದ ಸೆಟ್ಟುಗಳಲ್ಲಿ ಅದು ಇರಲಿಲ್ಲ.

ಮೊದಲ ಹೆಜ್ಜೆಗೆ ಮನೆಯ ಹಳೆಯ ರೇಡಿಯೋ ಸಾಕು. ಧಾರವಾಡ ಕೇಂದ್ರದ 765 ಕಿಲೋಹರ್ಟ್ಸ್‌ಗೆ ಹಚ್ಚಿ, ಮುಳ್ಳನ್ನು ಮೆಲ್ಲಗೆ ಆಚೀಚೆ ಸರಿಸಿ. ಡಿಜಿಟಲ್ ಸಂಕೇತ ಪ್ರಸಾರದಲ್ಲಿದ್ದರೆ ದೂರದ ಜಲಪಾತದಂತೆ ಏರಿಳಿತವಿಲ್ಲದ ಒಂದೇ ಸಮನೆಯ ಮೊರೆತ ಕೇಳುತ್ತದೆ. ಆ ಜಾಗವನ್ನು ಗುರುತು ಮಾಡಿಕೊಂಡು ಡಿಜಿಟಲ್ ಸೆಟ್ಟಿನಲ್ಲಿ ಅದನ್ನೇ ಹುಡುಕಬೇಕು.

ಎರಡನೆಯದು ದಿಕ್ಕು. ಮಧ್ಯಮ ತರಂಗವನ್ನು ಹಿಡಿಯುವುದು ಉದ್ದಕ್ಕೆ ಎಳೆಯುವ ಕಡ್ಡಿಯಲ್ಲ, ಸೆಟ್ಟಿನ ಒಳಗೆ ಅಡ್ಡಲಾಗಿ ಮಲಗಿರುವ, ಫೆರೈಟ್ ಎಂಬ ಕಾಂತೀಯ ವಸ್ತುವಿನ ಸರಳು. ಸರಳಿನ ಮಗ್ಗುಲು ಕೇಂದ್ರದ ಕಡೆಗಿದ್ದಾಗ ಸಂಕೇತ ಹೆಚ್ಚು, ತುದಿ ಕೇಂದ್ರದ ಕಡೆಗಿದ್ದಾಗ ಅತಿ ಕಡಿಮೆ. ಶಿರಸಿಗೆ ಧಾರವಾಡ ಬಹುಮಟ್ಟಿಗೆ ಉತ್ತರಕ್ಕಿದೆ, ಕಾರವಾರಕ್ಕೆ ಈಶಾನ್ಯಕ್ಕೆ. ಸೆಟ್ಟಿನ ಮುಖವನ್ನು ಆ ಕಡೆಗೆ ಇಟ್ಟು, ಪರದೆಯ ಮೇಲಿನ ಸಂಕೇತದ ಅಳತೆ ಏರುವವರೆಗೆ ಬೆರಳಗಲದಷ್ಟೇ ತಿರುಗಿಸುತ್ತ ಹೋಗಿ. ಪ್ರತಿ ಸಲ ತಿರುಗಿಸಿದ ಮೇಲೆ ಕೆಲವು ಸೆಕೆಂಡು ಕಾಯಬೇಕು, ಏಕೆಂದರೆ ಬಂದ ಅಂಕಿಗಳನ್ನು ಜೋಡಿಸಿ ಧ್ವನಿಯಾಗಿಸಲು ಸೆಟ್ಟಿಗೆ ಅಷ್ಟು ಸಮಯ ಹಿಡಿಯುತ್ತದೆ. ತಾಳ್ಮೆಗೆಟ್ಟು ಗರಗರ ತಿರುಗಿಸುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು.

ಇಷ್ಟಾದರೂ ಧ್ವನಿ ತುಂಡುತುಂಡಾಗಿ ಬಂದರೆ ಮನೆಯೊಳಗಿನ ಗದ್ದಲವನ್ನು ಹುಡುಕಿ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಮಳೆಗಾಲದಲ್ಲಿ ಇಡೀ ದಿನ ಓಡುವ ಇನ್ವರ್ಟರ್ ಇವನ್ನು ಒಂದೊಂದಾಗಿ ಆರಿಸಿ ನೋಡಿದರೆ ಅಪರಾಧಿ ಸಿಗುತ್ತದೆ. ತಗಡಿನ ಮಾಡಿನ ಕೆಳಗೆ ಕೂರುವವರು ಸೆಟ್ಟನ್ನು ಕಿಟಕಿಗೆ ತರಬೇಕು. ಸಿಡಿಲಿನ ಸಂಜೆ ಮಾತ್ರ ಯಾವ ಉಪಾಯವೂ ನಡೆಯದು. ಆಗ ಕಾರವಾರ ಕೇಂದ್ರದ ಎಫ್‌ಎಂಗೆ ಹೊರಳುವುದೇ ಸರಿ.