ಸೇತುವೆ ಹತ್ತದೆ ವೆನಿಸ್ ನೋಡುವುದು: ವೀಲ್‌ಚೇರ್ ಬಳಸುವವರಿಗೆ ಒಂದು ಕೈಪಿಡಿ

ವೆನಿಸ್‌ನಲ್ಲಿ ನಾನೂರಕ್ಕೂ ಮಿಕ್ಕ ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲು. ಇಷ್ಟು ಕೇಳಿದ ಕೂಡಲೇ ವೀಲ್‌ಚೇರ್ ಬಳಸುವವರು, ಅವರಿಗಿಂತ ಮೊದಲು ಅವರ ಮನೆಯವರು, ‘ಅದು ನಮಗಾಗುವ ಊರಲ್ಲ’ ಎಂದು ಕೈಬಿಡುತ್ತಾರೆ. ಕೈಬಿಡಬೇಕಿಲ್ಲ. ಸೇತುವೆಯಿಂದ ಸೇತುವೆಗೆ ಇರುವ ನೆಲ ಅಲ್ಲಿ ಬಹಳ ಸಮತಟ್ಟು. ಹಾಸಿರುವುದು ‘ಮಸೇನಿ’ ಎಂಬ ಅಗಲವಾದ ಟ್ರಾಕೈಟ್ ಕಲ್ಲಿನ ಚಪ್ಪಡಿ. ರೋಮಿನ ಹಳೆಯ ಬೀದಿಗಳ ಗುಂಡುಗಲ್ಲಿನಂತೆ ಚಕ್ರವನ್ನು ಕುಲುಕುವುದಿಲ್ಲ. ಕಾರು, ಬೈಕುಗಳ ಕಾಟವೂ ಇಲ್ಲ. ನಡೆದು ನೋಡುವ ಊರೆಂದು ಯೋಜನೆ ಹಾಕಿದರೆ ಸೋಲುತ್ತೀರಿ, ದೋಣಿ ನಿಲ್ದಾಣಗಳ ಊರೆಂದು ಹಾಕಿದರೆ ಗೆಲ್ಲುತ್ತೀರಿ.

ಫೋನಿನ ನಕ್ಷೆಯ ‘ಎಂಟು ನಿಮಿಷದ ನಡಿಗೆ’ಯನ್ನು ನಂಬಬೇಡಿ. ಆ ಎಂಟು ನಿಮಿಷದಲ್ಲಿ ಮೂರು ಸೇತುವೆ ಇರಬಹುದು, ನಕ್ಷೆ ಅದನ್ನು ಹೇಳುವುದಿಲ್ಲ. ವೆನಿಸ್ ನಗರಸಭೆ ತನ್ನ ಜಾಲತಾಣದಲ್ಲಿ ಮೆಟ್ಟಿಲಿಲ್ಲದೆ ತಲುಪಬಹುದಾದ ಜಾಗಗಳ ನಕ್ಷೆಯನ್ನು ಕೊಟ್ಟಿದೆ. ಮೊದಲು ಅದನ್ನು ತೆರೆದು, ನೋಡಬೇಕಾದ ಪ್ರತಿ ಜಾಗದ ಎದುರು ಒಂದೇ ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ: ಯಾವ ನಿಲ್ದಾಣದಲ್ಲಿ ಇಳಿದರೆ ಸೇತುವೆ ಅಡ್ಡ ಬರುವುದಿಲ್ಲ?

ಯಾವ ನಿಲ್ದಾಣ, ಏನು ಸಿಗುತ್ತದೆ

ಹೆಚ್ಚಿನವರು ಎಡವುವುದು ಸಾನ್ ಮಾರ್ಕೊ ಚೌಕದ ಹತ್ತಿರ. ಅಲ್ಲಿಗೆಂದು ‘ಸಾನ್ ಜಕರಿಯ’ದಲ್ಲಿ ಇಳಿದರೆ ಡ್ಯೂಕರ ಅರಮನೆ ಕಣ್ಣೆದುರೇ ಕಾಣುತ್ತದೆ, ಆದರೆ ನಡುವೆ ಪೋಂತೆ ದೆಲ್ಲ ಪಾಲ್ಯ ಎಂಬ ಮೆಟ್ಟಿಲು ಸೇತುವೆ. ನೀವು ಇಳಿಯಬೇಕಾದದ್ದು ‘ಸಾನ್ ಮಾರ್ಕೊ ವಲ್ಲರೆಸ್ಸೊ’. ಇಳಿದ ಮೇಲೆ ದಡದಗುಂಟ ಹೋಗದೆ ಎದುರಿನ ಓಣಿಯಲ್ಲಿ ನೇರ ಒಳಕ್ಕೆ ಹೋಗಿ ಬಲಕ್ಕೆ ತಿರುಗಿದರೆ ಚೌಕದ ಪಶ್ಚಿಮದ ಬಾಯಿ ಸಿಗುತ್ತದೆ. ಅರಮನೆಯ ಸಭಾಂಗಣಗಳಿಗೆ ಲಿಫ್ಟ್ ಇದೆ. ಸೆರೆಮನೆ ಮತ್ತು ನಿಟ್ಟುಸಿರಿನ ಸೇತುವೆಯ ಭಾಗಕ್ಕೆ ವೀಲ್‌ಚೇರ್ ಹೋಗದು.

ದೊಡ್ಡ ಕಾಲುವೆಯ (ಗ್ರಾಂಡ್ ಕೆನಾಲ್) ಮೇಲಿನ ರಿಯಾಲ್ಟೊ ಸೇತುವೆಯನ್ನು ದಾಟುವ ಆಸೆ ಬಿಡಿ, ಎರಡು ದಂಡೆಗಳನ್ನೂ ಬೇರೆಬೇರೆಯಾಗಿ ನೋಡಿ. ‘ರಿಯಾಲ್ಟೊ’ ನಿಲ್ದಾಣ ಸಾನ್ ಮಾರ್ಕೊ ಬದಿಗಿದೆ; ಮೀನು, ತರಕಾರಿ ಮಾರುಕಟ್ಟೆಯ ಬದಿಗೆ ‘ರಿಯಾಲ್ಟೊ ಮೆರ್ಕಾತೊ’ ಎಂಬ ಬೇರೆ ನಿಲ್ದಾಣವೇ ಇದೆ. ‘ಸಾನ್ ತೊಮಾ’ದಲ್ಲಿ ಇಳಿದರೆ ಚಿತ್ರಕಾರ ಟಿಷಿಯನ್‌ನ 1518ರ ದೊಡ್ಡ ಚಿತ್ರವಿರುವ ಫ್ರಾರಿ ಚರ್ಚು. ‘ಅಕಾದೆಮಿಯ’ದಲ್ಲಿ ಚಿತ್ರಶಾಲೆ ನಿಲ್ದಾಣದ ಬಾಗಿಲಲ್ಲೇ ಇದೆ. ‘ಕಾ ದೋರೊ’ದಿಂದ ಸಾಂತಿ ಅಪೋಸ್ತೊಲಿ ಚೌಕದವರೆಗೆ ಸ್ತ್ರಾದ ನೋವ ಎಂಬ ಅಗಲ ಬೀದಿಯಲ್ಲಿ ಒಂದೂ ಮೆಟ್ಟಿಲಿಲ್ಲದೆ ಸುತ್ತಬಹುದು, ಊಟ, ಕಾಫಿಗೆ ಇದೇ ಒಳ್ಳೆಯ ಜಾಗ.

ದೋಣಿ ಏರುವ ಕ್ರಮ

ವಪೊರೆಟ್ಟೊ ಎಂದರೆ ನಮ್ಮ ಸಿಟಿ ಬಸ್ಸಿನ ಹಾಗೆ, ನೀರಿನ ಮೇಲೆ. 1 ಮತ್ತು 2ನೇ ಮಾರ್ಗದ ದೋಣಿಗಳು ನಿಮಗೆ ಸರಿ. ಒಂದರಲ್ಲಿ ನಾಲ್ಕು ವೀಲ್‌ಚೇರ್‌ವರೆಗೆ ಹಿಡಿಸುತ್ತವೆ. 4.1, 4.2, 5.1, 5.2 ಮಾರ್ಗಗಳ ದೋಣಿಗಳು ಸಣ್ಣವು, ಸಾಮಾನ್ಯವಾಗಿ ಒಂದೇ ವೀಲ್‌ಚೇರ್‌ಗೆ ಜಾಗ. 1ನೇ ಮಾರ್ಗ ದೊಡ್ಡ ಕಾಲುವೆಯ ಬಹುತೇಕ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ, ಆದ್ದರಿಂದ ಊರು ನೋಡುವುದಕ್ಕೂ ಅದೇ ಚೆಂದ.

ಸಾಮಾನ್ಯ ಟಿಕೆಟ್ 9.50 ಯೂರೋ. ವೀಲ್‌ಚೇರ್‌ನಲ್ಲಿರುವವರಿಗೆ 75 ನಿಮಿಷಕ್ಕೆ 1.50 ಯೂರೋ, ಜೊತೆಯವರೊಬ್ಬರಿಗೆ ಉಚಿತ. ಈ ಟಿಕೆಟ್‌ಗೆ ಕೌಂಟರಿನಲ್ಲಿ ಕೇಳಿ, ದರವನ್ನೂ ಅಲ್ಲೇ ಖಚಿತಪಡಿಸಿಕೊಳ್ಳಿ. ಹತ್ತುವ ಮೊದಲು ಟಿಕೆಟನ್ನು ಯಂತ್ರಕ್ಕೆ ತಾಗಿಸಲೇಬೇಕು, ಇಲ್ಲವಾದರೆ ದಂಡ.

ನಿಲ್ದಾಣವೆಂದರೆ ನೀರಲ್ಲಿ ತೇಲುವ ಕಟ್ಟೆ. ಅದೂ ದೋಣಿಯೂ ಒಟ್ಟಿಗೇ ಏರಿಳಿಯುವುದರಿಂದ ಅವೆರಡರ ನಡುವಿನ ಎತ್ತರದ ವ್ಯತ್ಯಾಸ ಚಿಕ್ಕದು. ಜನ ತುಂಬಿದಾಗ ಮಾತ್ರ ದೋಣಿ ಸ್ವಲ್ಪ ತಗ್ಗುತ್ತದೆ. ನಿಜವಾಗಿ ಬದಲಾಗುವುದು ದಡದಿಂದ ಕಟ್ಟೆಗಿರುವ ಹಲಗೆಯ ಇಳಿಜಾರು: ಸಮುದ್ರದ ನೀರು ತಗ್ಗಿದ ಹೊತ್ತಿನಲ್ಲಿ ಅದು ಕಡಿದಾಗುತ್ತದೆ, ಇಳಿಯುವಾಗ ಜೊತೆಯವರು ಹಿಂದಿನಿಂದ ಹಿಡಿಯಬೇಕು.

ಕಟ್ಟೆಯ ಮೇಲೆ ಬ್ರೇಕ್ ಹಾಕಿ ಕಾಯಿರಿ, ಅದು ಸದಾ ತೊನೆಯುತ್ತದೆ. ದೋಣಿ ಬಂದಾಗ ಹಗ್ಗ ಕಟ್ಟುವ ಸಿಬ್ಬಂದಿಯ ಕಣ್ಣಿಗೆ ಬೀಳುವಂತಿರಿ, ಇಳಿಯಬೇಕಾದ ನಿಲ್ದಾಣದ ಹೆಸರನ್ನು ಆಗಲೇ ಹೇಳಿಬಿಡಿ. ಎಲ್ಲರೂ ಇಳಿದ ಮೇಲೆ ಹತ್ತಿ. ಕುರ್ಚಿಯ ಮುಂದಿನ ಸಣ್ಣ ಗಾಲಿ ಕಟ್ಟೆ, ದೋಣಿಗಳ ನಡುವಿನ ಸಂದಿನಲ್ಲಿ ಸಿಕ್ಕಿಕೊಳ್ಳುವುದೇ ಇಲ್ಲಿ ಸಾಮಾನ್ಯ ಅವಘಡ. ಆದ್ದರಿಂದ ಓರೆಯಾಗಿ ಹೋಗದೆ ಸಂದಿಗೆ ನೇರವಾಗಿ ಬನ್ನಿ. ಜೊತೆಯವರು ಕುರ್ಚಿಯನ್ನು ತುಸು ಹಿಂದಕ್ಕೆ ಬಾಗಿಸಿ ಆ ಗಾಲಿಯನ್ನು ಎತ್ತಿ ದಾಟಿಸಲಿ. ಒಳಗೆ ನಡುವಿನ ತೆರೆದ ಜಾಗದಲ್ಲಿ ನಿಂತು ಎರಡೂ ಬ್ರೇಕ್ ಹಾಕಿ, ಪವರ್ ಚೇರ್ (ಬ್ಯಾಟರಿ ವೀಲ್‌ಚೇರ್) ಆದರೆ ಸ್ವಿಚ್ ಆರಿಸಿ. ಬೆಳಗಿನ ಹತ್ತರಿಂದ ಸಂಜೆಯವರೆಗೆ ಸಾನ್ ಮಾರ್ಕೊ ಕಡೆಯ ದೋಣಿಗಳು ಕಿಕ್ಕಿರಿದಿರುತ್ತವೆ, ಎರಡು ದೋಣಿ ತಪ್ಪಬಹುದು. ಎಂಟಕ್ಕೇ ಹೊರಟರೆ ಆ ಕಷ್ಟವಿಲ್ಲ.

ಊರೊಳಗೆ ಬರುವುದು

ವಿಮಾನ ನಿಲ್ದಾಣದಿಂದ 5ನೇ ನಂಬರಿನ ಬಸ್ಸು ವೆನಿಸ್‌ನ ಪಿಯಾತ್ಸಾಲೆ ರೋಮಾ ಎಂಬ ಚೌಕಕ್ಕೆ ಬರುತ್ತದೆ, ಅಲ್ಲಿಂದ ದೋಣಿ. ರೈಲು ನಿಲ್ದಾಣ ಕಾಲುವೆಯ ಆಚೆ ಬದಿಯಲ್ಲಿ ಕಂಡರೂ ನಡುವಿನ 2008ರ ಗಾಜಿನ ಸೇತುವೆಗೆ ಮೆಟ್ಟಿಲೇ. ಅದಕ್ಕೆ ಜೋಡಿಸಿದ್ದ ಮೊಟ್ಟೆಯಾಕಾರದ ಲಿಫ್ಟನ್ನು 2020ರಲ್ಲಿ ತೆಗೆದುಹಾಕಿದರು, ಹಳೆಯ ಪುಸ್ತಕಗಳಲ್ಲಿ ಓದಿ ಅದನ್ನು ಹುಡುಕಬೇಡಿ. ಒಂದು ನಿಲ್ದಾಣದ ದೂರವಾದರೂ ದೋಣಿಯಲ್ಲೇ ದಾಟಿ. ರೈಲಿನಲ್ಲಿ ಬರುವವರು ಹತ್ತಿಳಿಸುವ ಲಿಫ್ಟ್ ಬೇಕೆಂದು ಕನಿಷ್ಠ 24 ಗಂಟೆ ಮೊದಲು ಹೇಳಬೇಕು, ಆ ಸೇವೆ ಉಚಿತ. ವಿಮಾನ ಕಂಪನಿಗೆ 48 ಗಂಟೆ ಮೊದಲು.

ಪವರ್ ಚೇರ್‌ನ ಲಿಥಿಯಂ ಬ್ಯಾಟರಿ ಕಳಚುವಂಥದ್ದಾದರೆ 300 ವ್ಯಾಟ್-ಅವರ್ ಮೀರಬಾರದು. ವೋಲ್ಟನ್ನು ಆಂಪ್-ಅವರ್‌ನಿಂದ ಗುಣಿಸಿ: 24 ವೋಲ್ಟ್, 10 ಆಂಪ್-ಅವರ್ ಎಂದರೆ 240, ಹೋಗುತ್ತದೆ. ಕಳಚಿದ ಬ್ಯಾಟರಿ ಕ್ಯಾಬಿನ್ನಿನಲ್ಲಿ ನಿಮ್ಮೊಟ್ಟಿಗೇ ಇರಬೇಕು. ನಮ್ಮ ಮೂರು ಗುಂಡು ಪಿನ್ನಿನ ಪ್ಲಗ್ ಇಟಲಿಯ ಸಾಕೆಟ್‌ಗೆ ಕೂರುವುದಿಲ್ಲ, ಅಡಾಪ್ಟರ್ ಒಯ್ಯಿರಿ. ಗಾಳಿ ಟೈರಿನವರು ಒಂದು ಟ್ಯೂಬ್, ಸಣ್ಣ ಪಂಪ್, ಆ್ಯಲೆನ್ ಕೀ ಇಟ್ಟುಕೊಳ್ಳಿ.

ಹೋಟೆಲಿಗೆ ‘ವೀಲ್‌ಚೇರ್‌ಗೆ ಆಗುತ್ತದೆಯೇ’ ಎಂದು ಕೇಳಿದರೆ ‘ಹೌದು’ ಎಂದೇ ಬರುತ್ತದೆ. ಸೆಂಟಿಮೀಟರಿನಲ್ಲಿ ಕೇಳಿ: ನಿಲ್ದಾಣದಿಂದ ಬಾಗಿಲವರೆಗೆ ಎಷ್ಟು ಸೇತುವೆ, ಬಾಗಿಲಲ್ಲಿ ಎಷ್ಟು ಮೆಟ್ಟಿಲು, ಲಿಫ್ಟಿನ ಬಾಗಿಲ ಅಗಲ ಎಷ್ಟು, ಸ್ನಾನದ ಜಾಗ ನೆಲಮಟ್ಟದ್ದೇ? ಫೋಟೋ ತರಿಸಿಕೊಳ್ಳಿ. ಇಟಲಿಯ 1989ರ ನಿಯಮದಂತೆ ಒಳಬಾಗಿಲು ಕನಿಷ್ಠ 75 ಸೆಂ.ಮೀ., ಆದರೆ ಹಳೆಯ ಮನೆಗಳಲ್ಲಿ ಅಷ್ಟು ಇದ್ದೇ ಇರುತ್ತದೆಂಬ ಭರವಸೆಯಿಲ್ಲ. ಲೀದೊ ದ್ವೀಪದ ಬೀದಿಗಳು ಅಗಲ, ಸಮತಟ್ಟು, ಬಸ್ಸೂ ಇದೆ, 1ನೇ ಮಾರ್ಗದ ದೋಣಿ ಅಲ್ಲಿಗೇ ಹೋಗುತ್ತದೆ. ಉಳಿದುಕೊಳ್ಳಲು ನಾವು ಮೊದಲು ಹೇಳುವುದು ಅದನ್ನೇ.

ನೀರು ಏರುವ ದಿನಗಳು

ಅಕ್ಟೋಬರ್‌ನಿಂದ ಜನವರಿಯವರೆಗೆ ‘ಆಕ್ವ ಆಲ್ತ’ದ, ಅಂದರೆ ಉಬ್ಬರದ ನೀರು ಊರಿಗೆ ನುಗ್ಗುವ ಕಾಲ. ಸಾನ್ ಮಾರ್ಕೊ ಊರಿನ ತಗ್ಗು ಜಾಗ, ಉಬ್ಬರದ ಮಟ್ಟ 80 ಸೆಂ.ಮೀ. ದಾಟುತ್ತಲೇ ನೀರು ಹೊರಬರತೊಡಗುತ್ತದೆ. 2020ರಿಂದ ಕೆಲಸ ಮಾಡುತ್ತಿರುವ, ಸಮುದ್ರದ ನೀರನ್ನು ತಡೆಯುವ ಮೋಸೆ ಗೇಟುಗಳನ್ನು ಎತ್ತುವುದು ಸುಮಾರು 110 ಸೆಂ.ಮೀ. ಮುನ್ಸೂಚನೆಗೆ. ನಡುವಿನ ಮಟ್ಟಗಳಲ್ಲಿ ಚೌಕ ಒದ್ದೆಯಾಗಬಹುದು. ಆಗ ಹಾಸುವ ಮರದ ಕಾಲುಹಾದಿ ಕಿರಿದು, ವೀಲ್‌ಚೇರ್‌ಗಲ್ಲ. ನಗರಸಭೆಯ ಉಬ್ಬರ ಮುನ್ಸೂಚನೆಯನ್ನು ಹಿಂದಿನ ರಾತ್ರಿಯೇ ನೋಡಿ, ಅಂಥ ದಿನ ಚಿತ್ರಶಾಲೆಯನ್ನೋ ಲೀದೊವನ್ನೋ ಇಟ್ಟುಕೊಳ್ಳಿ. ಪವರ್ ಚೇರ್ ಉಪ್ಪುನೀರಿಗೆ ಇಳಿಯಲೇಬಾರದು.

ಯುಡಿಐಡಿ (ಅಂಗವೈಕಲ್ಯ ಗುರುತಿನ) ಕಾರ್ಡ್ ಮತ್ತು ವೈದ್ಯರ ಇಂಗ್ಲಿಷ್ ಪತ್ರ ಕೈಯಲ್ಲಿರಲಿ. ನಗರದ ಮ್ಯೂಸಿಯಂಗಳಲ್ಲಿ ಅಂಗವೈಕಲ್ಯವುಳ್ಳವರಿಗೂ ಜೊತೆಯವರಿಗೂ ಟಿಕೆಟ್ ಬೇಡ, ಪ್ರವಾಸಿ ಋತುವಿನ ಕೆಲವು ದಿನ ಹಗಲು ಬರುವವರಿಗೆ ಹಾಕುವ ಪ್ರವೇಶ ಶುಲ್ಕದಿಂದಲೂ ವಿನಾಯಿತಿ ಇದೆ.

ಎಲ್ಲೋ ಒಂದು ಸೇತುವೆ ಹತ್ತಲೇಬೇಕಾಗಿ ಬಂದರೆ ಮಡಚುವ ಹಗುರ ಕುರ್ಚಿಗೆ ಮಾತ್ರ ಕೈಹಾಕಿ. ಕುರ್ಚಿಯ ಬೆನ್ನು ಮೆಟ್ಟಿಲ ಕಡೆಗಿರಲಿ. ಒಬ್ಬರು ಹಿಂದಿನ ಹಿಡಿಯನ್ನು, ಇನ್ನೊಬ್ಬರು ಮುಂದಿನ ಗಟ್ಟಿ ಫ್ರೇಮನ್ನು ಹಿಡಿದು, ದೊಡ್ಡ ಚಕ್ರವನ್ನು ಒಂದೊಂದೇ ಮೆಟ್ಟಿಲಿಗೆ ಉರುಳಿಸಿಕೊಂಡು ಏರಿ. ಕಳಚಿಕೊಳ್ಳುವ ಪಾದದ ಹಲಗೆಯನ್ನೋ ಕೈಯಾಸರೆಯನ್ನೋ ಹಿಡಿದು ಎತ್ತಲು ಯಾರನ್ನೂ ಬಿಡಬೇಡಿ. ಸಹಾಯಕ್ಕೆ ಓಡಿಬರುವವರು ಮೊದಲು ಕೈಯಿಡುವುದು ಅಲ್ಲಿಗೇ.