ಎಡಿಎಚ್‌ಡಿ ಕೋಚ್ ಹುಡುಕುವ ಮೊದಲು ನಿಮ್ಮ ಮನೆಯ ಬೆಳಗನ್ನು ಬರೆದಿಡಿ

ಬೆಳಿಗ್ಗೆ ಎಂಟೂ ಮುಕ್ಕಾಲು. ಬದಿಯಡ್ಕದ ಬಸ್ಸು ಬರಲು ಇನ್ನು ಹತ್ತೇ ನಿಮಿಷ. ಏಳನೇ ಕ್ಲಾಸಿನ ನನ್ನ ಮಗ ಅಂಗಿಯ ಎರಡು ಗುಬ್ಬಿ ಹಾಕಿ, ಮೂರನೆಯದನ್ನು ಹಾಗೇ ಬಿಟ್ಟು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆ ಕೂತ ಮಿಡತೆಯನ್ನು ನೋಡುತ್ತಾ ನಿಂತಿರುತ್ತಾನೆ. ನೀರಿನ ಬಾಟಲಿ ಅಡುಗೆ ಮನೆಯಲ್ಲಿ. ನೋಟ್ ಪುಸ್ತಕ ಎಲ್ಲೋ. ನಮ್ಮ ಕಾಸರಗೋಡಿನ ಕಡೆ ಇದಕ್ಕೆಲ್ಲ ಒಂದೇ ಮಾತು: ಉದಾಸೀನ. ಎರಡು ವರ್ಷ ನಾನೂ ಅದೇ ಹೇಳಿ ಗದರಿದೆ. ಆಮೇಲೆ ಡಾಕ್ಟರು ಪರೀಕ್ಷೆ ಮಾಡಿ, ಇದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವ ತೊಂದರೆ, ಹುಡುಗ ಬೇಕೆಂದೇ ಮಾಡುತ್ತಿಲ್ಲ ಎಂದರು. ಆ ದಿನ ಮನೆಗೆ ಬಂದು ತುಂಬಾ ಅತ್ತೆ.

ಔಷಧದ ಜೊತೆಗೆ ದಿನಚರಿಗೆ ಸಹಾಯ ಮಾಡಲು ಒಬ್ಬ ಕೋಚ್ ಇದ್ದರೆ ಒಳ್ಳೆಯದು ಎಂದೂ ಅವರು ಹೇಳಿದರು. ಮೊದಲನೆಯವರನ್ನು ಆರಿಸುವಾಗ ಎಡವಿದೆವು. ಎರಡನೆಯವರು ಸರಿಯಾಗಿ ಸಿಕ್ಕರು. ಈ ದಾರಿಯಲ್ಲಿ ಕಲಿತದ್ದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಡಾಕ್ಟರು, ಆಮೇಲೆ ಕೋಚ್

ಎಡಿಎಚ್‌ಡಿ ಇದೆಯೋ ಇಲ್ಲವೋ ಎಂದು ಹೇಳುವುದು ಕೋಚ್‌ನ ಕೆಲಸ ಅಲ್ಲ. ಅದನ್ನು ಮನೋವೈದ್ಯರು, ಇದರಲ್ಲಿ ತರಬೇತಿ ಪಡೆದ ಮಕ್ಕಳ ಡಾಕ್ಟರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಹೇಳಬೇಕು. ಸೈಕಾಲಜಿಸ್ಟ್ ಆದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಲು ಸಂಕೋಚ ಬೇಡ, ಸರಿಯಾದವರು ಸಂತೋಷದಿಂದಲೇ ತೋರಿಸುತ್ತಾರೆ.

ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಮನೆಯಲ್ಲಿ ಮಾತ್ರ ಅಲ್ಲ, ಶಾಲೆಯಲ್ಲೋ ಬೇರೆ ಕಡೆಯಲ್ಲೋ ಕೂಡ ಕಾಣಬೇಕು. ಅದಕ್ಕೇ ಡಾಕ್ಟರು ಹಳೆಯದನ್ನೆಲ್ಲ ಕೆದಕಿ ಕೇಳುತ್ತಾರೆ. ಹಳೆಯ ಪ್ರೋಗ್ರೆಸ್ ಕಾರ್ಡ್‌ಗಳನ್ನು ಚೀಲಕ್ಕೆ ಹಾಕಿಕೊಳ್ಳಿ. ಟೀಚರ ಹತ್ತಿರ ನಾಲ್ಕು ಸಾಲು ಬರೆಸಿಕೊಳ್ಳಿ. ಸರಿಯಾಗಿ ನಿದ್ದೆ ಬಾರದ, ಕಿವಿ ಕೇಳಿಸದ, ಕಣ್ಣು ಮಂಜಾದ ಮಗುವಿಗೂ ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ಅದನ್ನೂ ಒಮ್ಮೆ ನೋಡಿಸಿಬಿಡಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಓಡದೆ, ಗಲಾಟೆ ಮಾಡದೆ, ಕಿಟಕಿಯಾಚೆ ನೋಡುತ್ತಾ ಕೂರುವ ಹುಡುಗಿಯನ್ನು ಎಲ್ಲರೂ "ಪಾಪ, ಸಾಧು" ಎಂದು ಬಿಟ್ಟುಬಿಡುತ್ತಾರೆ. ಅವಳಿಗೂ ಎಡಿಎಚ್‌ಡಿ ಇರಬಹುದು.

ಗಡಿನಾಡಿನವರಾದ ನಮಗೆ ಇನ್ನೊಂದು ಮಾತು ಮುಖ್ಯ. ನಮ್ಮ ಮಕ್ಕಳು ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಪುಸ್ತಕದ ಕನ್ನಡ ಓದುತ್ತಾರೆ, ಅಂಗಡಿಯಲ್ಲಿ ಮಲಯಾಳ ಕೇಳುತ್ತಾರೆ. ಅಂಥ ಮಗುವಿಗೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬಿರಬಿರನೆ ಪ್ರಶ್ನೆ ಕೇಳಿದರೆ ಅದು ಸುಮ್ಮನೆ ಕೂರುತ್ತದೆ. ಅರ್ಥವಾಗದೆ ಕೂತದ್ದೋ, ಗಮನ ಇಲ್ಲದೆ ಕೂತದ್ದೋ ಎಂದು ಗೊತ್ತಾಗುವುದು ಕಷ್ಟ. ಯಾವ ಭಾಷೆಯಲ್ಲಿ ಮಾತಾಡಿಸಬೇಕು ಎಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ. ನಮ್ಮಲ್ಲಿ ಜಾಸ್ತಿ ಜನ ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗುವುದು ಇದಕ್ಕೇ ಅಲ್ವಾ? ಎಲ್ಲಿಂದ ಶುರು ಮಾಡುವುದೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇದೆ, ದುಡ್ಡಿಲ್ಲ.

ಕೋಚ್ ಮಾಡುವುದೇನು?

ಟ್ಯೂಷನ್ ಕೊಡುವುದಲ್ಲ, ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಮಾಡುವುದೂ ಅಲ್ಲ. ಕೆಲಸ ಶುರು ಮಾಡುವುದು, ಶುರು ಮಾಡಿದ್ದನ್ನು ಮುಗಿಸುವುದು, ಹೊತ್ತು ಅಂದಾಜು ಮಾಡುವುದು, ಸಾಮಾನು ಕಳೆಯದೆ ಇಡುವುದು ಎಡಿಎಚ್‌ಡಿ ಇದ್ದವರಿಗೆ ಕಷ್ಟ. ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಆ ಹೊತ್ತಿಗೆ ಅದು ಕೈಗೆ ಬರುವುದಿಲ್ಲ. ಕೋಚ್ ಇದಕ್ಕೆ ಮನೆಯೊಳಗೇ ಸಣ್ಣ ಸಣ್ಣ ಏರ್ಪಾಡು ಮಾಡಿಸುತ್ತಾರೆ, ಅದು ನಡೆಯುತ್ತಿದೆಯೇ ಎಂದು ವಾರವಾರ ಕೇಳುತ್ತಾರೆ. ಇದು ಹೆಚ್ಚಾಗಿ ನಡೆಯುವುದು ವಿಡಿಯೋ ಕಾಲ್‌ನಲ್ಲಿ. ಮಗು ಸದಾ ಬೇಸರದಲ್ಲಿದ್ದರೆ, ಹೆದರಿಕೆಯಲ್ಲಿದ್ದರೆ, ಸಾಯುವ ಮಾತಾಡಿದರೆ ಕೋಚ್ ಹತ್ತಿರ ಹೋಗಬೇಡಿ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಚಿಕ್ಕ ಮಕ್ಕಳಾದರೆ ಕಲಿಯಬೇಕಾದವರು ಅಪ್ಪ ಅಮ್ಮ. ಆರು ತುಂಬದ ಮಕ್ಕಳಿಗೆ ಮೊದಲು ತಂದೆತಾಯಿಗೇ ತರಬೇತಿ ಕೊಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಐದು ವರ್ಷದ ಮಗುವನ್ನು ಒಂಟಿಯಾಗಿ ಕ್ಯಾಮೆರಾ ಮುಂದೆ ಕೂರಿಸಿ ಎನ್ನುವ ಕೋಚ್ ಬೇಡ.

ಒಂದು ವಾರದ ಪಟ್ಟಿ

ಫೋನ್ ಮಾಡುವ ಮೊದಲು ಒಂದು ವಾರ ಬರೆಯಿರಿ. ದಿನದಲ್ಲಿ ಎಲ್ಲಿ ಸಿಕ್ಕಿ ಬೀಳುತ್ತೀರಿ, ಎಷ್ಟು ಗಂಟೆಗೆ, ಆಗ ಮನೆಯಲ್ಲಿ ಯಾರಿದ್ದರು, ಅಷ್ಟೇ ಸಾಕು. "ಓದುವುದಿಲ್ಲ" ಎಂದು ಬರೆದರೆ ಏನೂ ಪ್ರಯೋಜನ ಇಲ್ಲ. "ಸಂಜೆ ಆರಕ್ಕೆ ಪುಸ್ತಕ ತೆರೆದ, ಆರೂ ಹತ್ತಕ್ಕೆ ಎದ್ದು ಬಾವಿಕಟ್ಟೆಗೆ ಹೋದ" ಎಂದು ಬರೆಯಿರಿ.

ಹೀಗೆ ಬರೆಯುತ್ತಾ ಹೋದಾಗ ನಮ್ಮ ಮನೆಯಲ್ಲಿ ಇನ್ನೊಂದು ವಿಷಯ ಬೆಳಕಿಗೆ ಬಂತು. ತೋಟಕ್ಕೆ ನೀರು ಬಿಟ್ಟು ಪಂಪ್ ಆಫ್ ಮಾಡಲು ಮರೆಯುವವರು ನನ್ನ ಗಂಡ. ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲನ್ನು ದುಡ್ಡಿದ್ದೂ ಕಟ್ಟಲು ಮರೆಯುವವರೂ ಅವರೇ. ಎಡಿಎಚ್‌ಡಿ ಮನೆತನದಲ್ಲಿ ಹರಿದು ಬರುವುದು ಜಾಸ್ತಿ. ಮಗನ ನಂತರ ಅವರೂ ಪರೀಕ್ಷೆ ಮಾಡಿಸಿಕೊಂಡರು, ನಲವತ್ತಮೂರನೇ ವಯಸ್ಸಿನಲ್ಲಿ. ದೊಡ್ಡವರಿಗೂ ಕೋಚ್ ಬೇಕಾಗಬಹುದು. ಒಂದೇ ಮನೆಯಲ್ಲಿ ಇಬ್ಬರಿದ್ದರೆ ಮೊದಲೇ ಹೇಳಿ. ಅಪ್ಪನೇ ಮರೆಯುವ ಏರ್ಪಾಡನ್ನು ಮಗನಿಗೆ ಅವರಿಂದಲೇ ನೆನಪಿಸಲು ಆಗುವುದಿಲ್ಲ.

ಸರ್ಟಿಫಿಕೇಟ್ ನೋಡುವುದು ಹೇಗೆ?

ನಮ್ಮ ದೇಶದಲ್ಲಿ ಕೋಚ್ ಎಂದು ಬೋರ್ಡ್ ಹಾಕಲು ಯಾವ ಲೈಸೆನ್ಸೂ ಬೇಕಿಲ್ಲ. ವಾರಾಂತ್ಯದ ಎರಡು ದಿನ ಕಲಿತವರೂ ಹಾಕಬಹುದು. ಹಾಗಾಗಿ ಎಲ್ಲಿ, ಎಷ್ಟು ಗಂಟೆ ಕಲಿತಿರಿ ಎಂದು ನೇರವಾಗಿ ಕೇಳಿ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ ಸಂಸ್ಥೆ ಕೋಚ್‌ಗಳಿಗೆ ದರ್ಜೆ ಕೊಡುತ್ತದೆ. ಎಸಿಸಿ ಎಂದರೆ ಕಡಿಮೆಯೆಂದರೂ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ. ಪಿಸಿಸಿ ಎಂದರೆ 125 ಗಂಟೆ ತರಬೇತಿ, 500 ಗಂಟೆ ಅನುಭವ. ಆದರೆ ಇದು ಎಲ್ಲ ಬಗೆಯ ಕೋಚಿಂಗ್‌ಗೂ ಕೊಡುವ ದರ್ಜೆ. ಎಡಿಎಚ್‌ಡಿ ಬಗ್ಗೆ ಬೇರೆಯಾಗಿ ಏನು ಕಲಿತಿದ್ದೀರಿ ಎಂದು ಕೇಳಲೇಬೇಕು.

ಮೊದಲ ಮಾತುಕತೆ

ಈ ಇಡೀ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಮೊದಲ ಇಪ್ಪತ್ತು ನಿಮಿಷವನ್ನು. ಯಾರು ಜಾಸ್ತಿ ಮಾತಾಡಿದರು ಎಂದು ನೋಡಿ. ನಮ್ಮ ಮೊದಲನೆಯವರು ಅವರ ಪ್ಯಾಕೇಜಿನ ವಿಷಯವನ್ನೇ ಹೇಳಿದರು. ಮೂರು ತಿಂಗಳಲ್ಲಿ ಎಡಿಎಚ್‌ಡಿ ಪೂರ್ತಿ ಹೋಗುತ್ತದೆ, ಮಾತ್ರೆ ನಿಲ್ಲಿಸಬಹುದು ಎಂದರು. ನಂಬಿ ಮೂರು ತಿಂಗಳ ಹಣ ಒಟ್ಟಿಗೆ ಕಟ್ಟಿದೆವು. ಐದನೇ ವಾರದ ನಂತರ ಅವರು ಫೋನೇ ಎತ್ತಲಿಲ್ಲ. ಮಾತ್ರೆಯ ವಿಷಯ ತೆಗೆದಾಗಲೇ ನಾನು ಎದ್ದು ಬರಬೇಕಿತ್ತು. ಔಷಧ ಶುರು ಮಾಡುವುದು, ನಿಲ್ಲಿಸುವುದು ಡಾಕ್ಟರಿಗೆ ಬಿಟ್ಟದ್ದು. ಕೋಚ್ ಅದರಲ್ಲಿ ಬಾಯಿ ಹಾಕಬಾರದು.

ಎರಡನೆಯವರು ಕೇಳಿದ ಮೊದಲ ಪ್ರಶ್ನೆ ಇದು: "ಶಾಲೆಯಿಂದ ಬಂದು ಚಪ್ಪಲಿ ಎಲ್ಲಿ ಬಿಡ್ತಾನೆ ಅಕ್ಕಾ?"

"ಜಗಲಿ ಮೆಟ್ಲ ಹತ್ರ."

"ಬ್ಯಾಗು, ಕೊಡೆ?"

"ಒಂದೊಂದು ದಿನ ಒಂದೊಂದು ಕಡೆ."

"ಹಾಗಾದ್ರೆ ಚಪ್ಪಲಿ ಬಿಡುವಲ್ಲೇ ಗೋಡೆಗೆ ಎರಡು ಮೊಳೆ ಹೊಡೀರಿ. ಅವನ ಕೈಗೆ ಎಟುಕ್ಬೇಕು. ಬ್ಯಾಗು ಒಳಗೆ ಬರುವುದೇ ಬೇಡ."

ಹಿಂದಿನ ಮಳೆಗಾಲ ನಾಲ್ಕು ಕೊಡೆ ಕಳೆದವನು ಈ ಮಳೆಗಾಲ ಕಳೆದದ್ದು ಒಂದು. ಚಪ್ಪಲಿ ಬಿಡುವ ಅಭ್ಯಾಸ ಅವನಿಗೆ ಮೊದಲೇ ಇತ್ತು. ಕೋಚ್ ಅದಕ್ಕೇ ಬ್ಯಾಗನ್ನೂ ಕೊಡೆಯನ್ನೂ ಕಟ್ಟಿದರು.

ಮಗುವನ್ನೂ ಕೇಳಿ. "ಇವರ ಹತ್ರ ಮಾತಾಡ್ಲಿಕ್ಕೆ ಆಗ್ತದಾ?" ಎಂದು, ಫೋನ್ ಇಟ್ಟ ಮೇಲೆ, ಒಬ್ಬನೇ ಇರುವಾಗ ಕೇಳಿ. ಅವನು ಬೇಡ ಎಂದರೆ ಬೇಡ.

ಹಣ ಮತ್ತು ಸಮಯ

ಫೀಸು ಒಬ್ಬೊಬ್ಬರದು ಒಂದೊಂದು. ಗಂಟೆಗೆ ಎಷ್ಟು, ಮಧ್ಯೆ ಮೆಸೇಜ್ ಮಾಡಬಹುದೇ, ಜ್ವರ ಬಂದು ತಪ್ಪಿದರೆ ಏನು, ಇದನ್ನೆಲ್ಲ ಬರೆದು ಕೊಡಲು ಹೇಳಿ. ಒಂದೊಂದು ಸಲಕ್ಕೆ, ಇಲ್ಲವೇ ತಿಂಗಳಿಗೆ ಮಾತ್ರ ಕಟ್ಟಿ. ಮಗುವಿನ ವಿಡಿಯೋ ರೆಕಾರ್ಡ್ ಮಾಡುತ್ತಾರೆಯೇ, ಅದನ್ನು ಬೇರೆಯವರಿಗೆ ತೋರಿಸುತ್ತಾರೆಯೇ ಎಂದೂ ಕೇಳಿ.

ಆರೆಂಟು ವಾರ ನೋಡಿ. ಮೊದಲು ಬರೆದ ಪಟ್ಟಿಯನ್ನು ತೆಗೆದು, ಅದೇ ಹೊತ್ತು, ಅದೇ ಜಾಗ ಈಗ ಹೇಗಿದೆ ಎಂದು ಪಕ್ಕದಲ್ಲಿ ಬರೆಯಿರಿ. ಒಂದೆರಡು ಕಡೆಯಾದರೂ ಬದಲಾಗಿದ್ದರೆ ಮುಂದುವರಿಸಿ. ಏನೂ ಇಲ್ಲದಿದ್ದರೆ ಕೋಚ್‌ಗೆ ಮರ್ಯಾದೆಯಿಂದ ಹೇಳಿ ನಿಲ್ಲಿಸಿ, ಮಗನ ಮೇಲೆ ತಪ್ಪು ಹೊರಿಸಬೇಡಿ. ಆ ಹಾಳೆಗಳನ್ನು ಮಾತ್ರ ಬಿಸಾಡಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಒಯ್ಯಿರಿ. ಮಾತ್ರೆ ಎಷ್ಟು ಬೇಕು, ಯಾವ ಹೊತ್ತಿಗೆ ಬೇಕು ಎಂದು ನೋಡುವಾಗ ಅವರಿಗೂ ಅದು ಬೇಕಾಗುತ್ತದೆ.